ಗೋಲ್‌ಕೀಪರಿಗೆ ಕರೆಯೋಲೆ

ಇಂಡಿಯಾನಾ
೧೪ ಸೆಪ್ಟೆಂಬರ್ ೧೯೯೭

ಅಪ್ಪಾ, ಆಶೀರ್ವಾದ ಮಾಡಿ.

ಫೋನ್ ಮಾಡಿದಾಗ ಅಮ್ಮನ ಹಿಂದೆ ನಿಂತು ನೀವು "ಏನಂತೆ? ಏನಂತಾಳೆ ಅವಳು?" ಎಂದು ಕಿರುಚುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. ನಾನು ಹೇಳಿದ್ದು ಮಾತ್ರ ನಿಮಗೆ ಕೇಳಿಸುವುದಿಲ್ಲ. ಅಮ್ಮ ಅದನ್ನು ತನಗೆ ಬೇಕಾದ ಅಳತೆಗೆ ಕತ್ತರಿಸಿ ಹೊಲಿದು ನಿಮಗೆ ಹೇಳುತ್ತಾಳೆ. ಹಾಗಾಗಿ ಹೋದ ವರ್ಷದಂತೆ ಈ ವರ್ಷವೂ ಕಾಗದವೇ ವಾಸಿ. ಗಿರಣಿಯ ಮಗ್ಗಗಳು ನಿಮ್ಮ ಕಿವಿ ತಿಂದರೂ ಕಣ್ಣನ್ನು ಉಳಿಸಿವೆಯಲ್ಲ.

ಕಾಲೇಜಿನ ಎರಡನೆಯ ವರ್ಷ ಶುರುವಾಯಿತು. ಕೋಚ್ ಹಾಯ್ಟ್ ಫುಟ್‌ಬಾಲ್ ತಂಡಕ್ಕೆ ಹೊಸ ಹುಡುಗಿಯರನ್ನು ತಂದಿದ್ದಾರೆ. ಮೊನ್ನೆ ಊಟಕ್ಕೆ ಕೂತಾಗ, ಯಾರನ್ನು ಹೇಗೆ ಒಲಿಸಿ ತಂದರು ಎಂಬ ಮಾತು ಬಂತು. ಟೆಕ್ಸಸ್‌ನವಳು, "ನಮ್ಮಜ್ಜಿ ಕೈ ಹಿಡ್ಕೊಂಡು, 'ಅಮ್ಮಾ, ನಿಮ್ಮ ಮೊಮ್ಮಗಳ ಸುತ್ತಾನೇ ಟೀಮ್ ಕಟ್ತೀನಿ' ಅಂದ್ರು ಕಣ್ರೇ" ಎಂದು ಹೆಮ್ಮೆಯಿಂದ ಹೇಳಿದಳು. ಒಹಾಯೋದವಳ ಮುಖ ಸಪ್ಪಗಾಯಿತು. "ನಮ್ಮನೇಲೂ ಅದನ್ನೇ ಅಂದ್ರಲ್ಲೇ! ನಮ್ಮಜ್ಜಿ ತೀರ್ಕೊಂಡಿದ್ರು ಅಂತ ಅಮ್ಮನ ಕೈ ಹಿಡ್ಕೊಂಡ್ರು, ಅಷ್ಟೇ ವ್ಯತ್ಯಾಸ." ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ. ಎರಡು ವರ್ಷದ ಹಿಂದೆ ಅವರು ನಮ್ಮ ಅಡುಗೆಮನೆಯಲ್ಲಿ ಕೂತು, "ಇಡೀ ದೇಶದಲ್ಲಿ ನಾನು ಕಣ್ಣಿಟ್ಟಿರೋ ಗೋಲ್‌ಕೀಪರ್ ಅಂದ್ರೆ ಇವಳೊಬ್ಬಳೇ" ಎಂದದ್ದು ನೆನಪಾಯಿತು. ಅವತ್ತು ನೀವು ಎದ್ದು ಹೋಗಿ ಹಿತ್ತಲಲ್ಲಿ ಕಣ್ಣೊರೆಸಿಕೊಂಡಿರಿ.

ಅವರ ಕೋಣೆಯಲ್ಲಿ ಒಂದು ಬಿಳಿ ಹಲಗೆಯಿದೆ. ನಮ್ಮೆಲ್ಲರ ಹೆಸರನ್ನು ಅಯಸ್ಕಾಂತದ ಬಿಲ್ಲೆಗಳ ಮೇಲೆ ಬರೆದು ಅದಕ್ಕೆ ಅಂಟಿಸಿದ್ದಾರೆ. ಎಲ್ಲ ಸಾಲೂ ಉದ್ದ, ಗೋಲ್‌ಕೀಪರ್ ಸಾಲು ಮಾತ್ರ ಮೋಟು. ನನ್ನ ಬಿಲ್ಲೆ ಅಲ್ಲಿದೆ.

ಆಟದ ವಿಷಯ ಬರೆಯಲು ಹೆಚ್ಚೇನಿಲ್ಲ. ಪ್ರತಿ ಪಂದ್ಯದಲ್ಲೂ ಗೋಲಿನ ಹತ್ತಿರವೇ ಇರುತ್ತೇನೆ. ಜೀವಶಾಸ್ತ್ರದ ಪಾಠ ತುಂಬ ಹಿಡಿಸಿದೆ. ಟೀಚರ್ ಆದರೆ ಇದನ್ನೇ ಕಲಿಸುತ್ತೇನೆ. ಚಿಂತೆ ಮಾಡಬೇಡಿ.

ನಿಮ್ಮ ಮಗಳು
ಇಡಾಲಿನಾ


ಫಾಲ್ ರಿವರ್
೧೨ ಅಕ್ಟೋಬರ್ ೧೯೯೭

ದೇವರು ನಿನ್ನನ್ನು ಹರಸಲಿ, ಮಗಳೇ.

ನಿನ್ನ ಕಾಗದ ಮೂರು ಸಲ ಓದಿದೆ. ಎಷ್ಟು ಗೋಲು ತಡೆದೆ, ಯಾವ ಕೈಯಲ್ಲಿ ತಡೆದೆ, ಅದೊಂದೂ ಇಲ್ಲ. ಊಟದ ಹರಟೆ ಇದೆ, ಹಲಗೆ ಇದೆ, ಬಿಲ್ಲೆ ಇದೆ. ನಿಮ್ಮಮ್ಮನಿಗೆ ಹೇಳಿದರೆ, "ನಿಮ್ಮ ಮಗಳಲ್ವಾ? ನಿಮಗೆ ಬೇಡದ್ದನ್ನ ನೀವು ಕೇಳಿಸ್ಕೊಳ್ಳಲ್ಲ, ಅವಳಿಗೆ ಬೇಡದ್ದನ್ನ ಅವಳು ಬರೆಯಲ್ಲ" ಎನ್ನುತ್ತಾಳೆ. ಪರದೆ ಕಾರ್ಖಾನೆಯಲ್ಲಿ ದಿನವಿಡೀ ಹೊಲಿದು ಬರುವ ಹೆಂಗಸಿಗೆ ಎದುರಾಡಬಾರದು, ಕೈಯಲ್ಲಿ ಕತ್ತರಿ ಇರುತ್ತದೆ.

ಇಲ್ಲಿ ನಾನು ಲಿಜೆಟ್‌ಳನ್ನು ತಾಲೀಮಿನಲ್ಲಿ ಅರೆಯುತ್ತಿದ್ದೇನೆ. ಎದುರುಮನೆಯ ಪಶೇಕುವಿನ ಮಗಳು ಎಂದು ನಿನಗೆ ಹೇಳಬೇಕೆ? ನಿನ್ನ ಹಿಂದೆ ಚೆಂಡು ಹೆಕ್ಕಿಕೊಂಡು ಓಡುತ್ತಿದ್ದ ಪೋರಿ ಈಗ ನಿನಗಿಂತ ಒಂದು ಗೇಣು ಎತ್ತರ. ಅದೇ ಮುಚ್ಚಿದ ಗಿರಣಿಯ ಗೋಡೆ, ಅದೇ ಒದ್ದೆ ಚೆಂಡು. ನಾನು ಗೋಡೆಗೆ ಒದೆಯುತ್ತೇನೆ, ಅದು ಎತ್ತ ಪುಟಿಯುತ್ತದೋ ಅತ್ತ ಅವಳು ಹಾರಬೇಕು. ಮೊನ್ನೆ ಅವಳ ತಮ್ಮ, "ನಾನೂ ಅಕ್ಕನ ಜೊತೆ ಗೋಲಲ್ಲಿ ನಿಲ್ತೀನಿ" ಎಂದು ಹಟ ಹಿಡಿದ. ನಿನಗೆ ಹೇಳುತ್ತಿದ್ದದ್ದನ್ನೇ ಅವನಿಗೂ ಹೇಳಿದೆ. "ಮಗಾ, ಮಂಚದ ಮೇಲೆ ಬೇಕಾದ್ರೆ ನಾಲ್ಕು ಜನ ಮಲಗಿ. ಗೋಲಲ್ಲಿ ನಿಲ್ಲೋದು ಒಬ್ಬರೇ."

ನವೆಂಬರ್ ಕೊನೆಗೆ ಇಲ್ಲಿ ಪಂದ್ಯಾವಳಿ ಇದೆ. ನಿಮ್ಮ ಕೋಚ್ ಬರುತ್ತಾರಂತೆ. ನಮ್ಮ ಅಡುಗೆಮನೆಯಲ್ಲಿ ಕುಡಿದ ಸೂಪಿನ ರುಚಿ ಮರೆತಿಲ್ಲ ಎಂದು ಕಾಣುತ್ತದೆ.

ನಿನ್ನ ಅಪ್ಪ
ಎವರಿಸ್ತು ಅರೂಡ


ಫಾಲ್ ರಿವರ್
೩೦ ನವೆಂಬರ್ ೧೯೯೭

ದೇವರು ನಿನ್ನನ್ನು ಹರಸಲಿ, ಮಗಳೇ.

ಕೂತು ಓದು, ಒಳ್ಳೆಯ ಸುದ್ದಿ. ನಿನ್ನೆ ಪಂದ್ಯ ಮುಗಿದ ಮೇಲೆ ಕೋಚ್ ಹಾಯ್ಟ್ ನೇರ ನಮ್ಮ ಮನೆಗೇ ಬಂದರು. ನಿಮ್ಮಮ್ಮ ಕಾರ್ಖಾನೆಗೆ ಹೋಗಿದ್ದಳು, ಹಬ್ಬದ ಮುಂಚೆ ಶನಿವಾರವೂ ಬಿಡುವುದಿಲ್ಲ. ನಾನೇ ಕೇಲ್ ಸೊಪ್ಪಿನ ಸೂಪು ಬಿಸಿ ಮಾಡಿ, ಹಂದಿಮಾಂಸದ ಶೊರೀಸು ಹುರಿದು ಬಡಿಸಿದೆ. ಮನುಷ್ಯ ಈಗ ಮೀಸೆ ಬಿಟ್ಟಿದ್ದಾರೆ. ಮೀಸೆಯೋ ಅದು, ನೆಲ ಒರೆಸುವ ಬ್ರಷ್ಷೋ! ತುಟಿಯೇ ಕಾಣುವುದಿಲ್ಲ. ತುಟಿ ನೋಡಿ ಮಾತು ಹಿಡಿಯುವ ನನ್ನಂಥವನ ಪಾಡು ಕೇಳು. ಸೂಪು ಕುಡಿಯುತ್ತ ಬಹಳ ಹೊತ್ತು ಏನೋ ಗಂಭೀರವಾಗಿ ಹೇಳಿದರು. ಇಡಾಲಿನಾ ಎಂದದ್ದು ಎರಡು ಸಲ ಗೊತ್ತಾಯಿತು. ನಿನ್ನ ಹೊಗಳಿಕೆ ಇರಬೇಕು. ಮಗ್ಗದ ಮನೆಯಲ್ಲಿ ಮೇಸ್ತ್ರಿ ಮಾತಾಡಿದಾಗ ಮಾಡುತ್ತಿದ್ದ ಹಾಗೆ, ಕೇಳಿಸಿದಂತೆ ನಾನು ತಲೆಯಾಡಿಸುತ್ತಲೇ ಇದ್ದೆ. ಅವರು ನನ್ನ ಭುಜ ತಟ್ಟಿದರು. ಕಣ್ಣಲ್ಲಿ ನೀರಿತ್ತು ಅನ್ನಿಸಿತು, ಮೆಣಸು ಜಾಸ್ತಿಯಾಗಿತ್ತೋ ಏನೋ.

ಆಮೇಲೆ ಕರವಸ್ತ್ರದಿಂದ ಮೀಸೆ ಒರೆಸಿಕೊಂಡು, ಜೋರಾಗಿ, ಬಿಡಿಸಿ ಬಿಡಿಸಿ ಒಂದು ಮಾತು ಕೇಳಿದರು. ಅದು ಮಾತ್ರ ಪೂರ್ತಿ ಸಿಕ್ಕಿತು.

"ಮಿಸ್ಟರ್ ಅರೂಡ, ಇಂಥವಳು ನಿಮ್ಮ ಹತ್ರ ಇನ್ನೊಬ್ಬಳು ಇದಾಳಾ?"

ಎದ್ದವನೇ ಅವರ ಕೈ ಹಿಡಿದು ರಸ್ತೆ ದಾಟಿಸಿ ಪಶೇಕುವಿನ ಮನೆಗೆ ಕರೆದೊಯ್ದೆ. "ಇವಳು ಲಿಜೆಟ್. ನನ್ನ ಕೈಯಲ್ಲೇ ಬೆಳೆದವಳು. ಜ್ಞಾನಸ್ನಾನದ ದಿನ ಎತ್ತಿ ಹಿಡಿದವನೂ ನಾನೇ. ಇವಳಿಗೆ ನಾನು ಜವಾಬ್ದಾರಿ" ಎಂದೆ.

ಇದನ್ನೇ ಅಲ್ಲವೇ ನಾವು ಕರೆಯೋಲೆ ಅನ್ನುವುದು? ಮೊದಲು ಬಂದವನು ಹಿಂದಿನವನಿಗೆ ಓಲೆ ಕಳಿಸಿ, ಇವನಿಗೆ ನಾನು ಹೊಣೆ ಎಂದರೆ ಮಾತ್ರ ನಾವು ಹುಟ್ಟಿದ ದ್ವೀಪದಿಂದ ಈ ಅಮೆರಿಕಕ್ಕೆ ಹಡಗು. ದೊಡ್ಡಪ್ಪನ ಮಗ ನನಗೆ ಕರೆಯೋಲೆ ಕಳಿಸಿದ, ನಾನು ಪಶೇಕುವಿಗೆ ಕಳಿಸಿದೆ. ಈಗ ನಿನ್ನಿಂದ ಲಿಜೆಟ್‌ಗೆ. ಅಷ್ಟು ದೂರದಲ್ಲಿ ನಮ್ಮ ಭಾಷೆ ಆಡುವವರಿಲ್ಲ ಎಂದು ಹೋದ ವರ್ಷ ನೀನು ಎಷ್ಟು ಅತ್ತೆ. ಇನ್ನು ನಿನಗೆ ಜೊತೆ ಆಯಿತು.

ಒಂದು ಗುಟ್ಟು, ನಿನ್ನಲ್ಲೇ ಇರಲಿ. ಅವಳ ಎಡಭುಜ ಒಮ್ಮೊಮ್ಮೆ ಕೀಲು ತಪ್ಪುತ್ತದೆ. ನಾನೇ ಎಳೆದು ಕೂರಿಸುತ್ತೇನೆ. ಅವರಪ್ಪನಿಗೂ ಗೊತ್ತಿಲ್ಲ, ನನಗೂ ಅವಳಿಗೂ ಬಿಟ್ಟರೆ ಈಗ ನಿನಗೆ ಮಾತ್ರ. ಕೋಚಿಗೆ ಹೇಳಿದರೆ ಬಿಟ್ಟುಬಿಡುತ್ತಾರೆ. ಅಲ್ಲಿ ಅವಳ ಭುಜ ನೀನು ನೋಡಿಕೋ.

ನಿನ್ನ ಅಪ್ಪ
ಎವರಿಸ್ತು ಅರೂಡ


ಇಂಡಿಯಾನಾ
೯ ಡಿಸೆಂಬರ್ ೧೯೯೭

ಅಪ್ಪಾ,

ಕೋಚ್ ಹಾಯ್ಟ್ ನಿಮಗೆ ಹೇಳಿದ್ದು ಹೊಗಳಿಕೆ ಅಲ್ಲ. ನನ್ನ ಮಂಡಿಯ ವಿಷಯ.

ಆಗಸ್ಟಿನಲ್ಲಿ, ಪಂದ್ಯಗಳು ಶುರುವಾಗುವ ಮುಂಚೆ, ಅಭ್ಯಾಸದಲ್ಲಿ ಲಿಗಮೆಂಟ್ ಹರಿಯಿತು. ಯಾರೂ ಮೈಮೇಲೆ ಬೀಳಲಿಲ್ಲ. ಹಾರಿದೆ, ಇಳಿದೆ, ಚಟ್ ಎಂದಿತು. ಆಪರೇಷನ್ ಆಗಿದೆ. ಗೋಲಿನ ಹತ್ತಿರವೇ ಇರುತ್ತೇನೆ ಎಂದು ಬರೆದದ್ದು ನಿಜ. ಗೋಲಿನ ಹಿಂದೆ ಕುರ್ಚಿ ಹಾಕಿಕೊಂಡು, ಕಾಲು ಚಾಚಿ ಕೂತು, ಬೇರೆಯವಳು ಆಡುವುದನ್ನು ನೋಡುತ್ತಿದ್ದೆ. ನಿಮಗೆ ಬರೆಯಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ವಾಸಿಯಾದ ಮೇಲೆ ಹೇಳಿದರಾಯಿತು, ಅಷ್ಟರಲ್ಲಿ ಆಡುತ್ತಿರುತ್ತೇನೆ ಎಂದುಕೊಂಡೆ.

ಕೋಚ್ ಊರಿಂದ ಬಂದ ಮರುದಿನ ಕೋಣೆಗೆ ಕರೆದರು. "ನಿಮ್ಮಪ್ಪನ ಹತ್ರ ಎಲ್ಲಾ ಬಿಚ್ಚಿ ಮಾತಾಡಿದೀನಿ. ಮಂಡಿ ವಿಷಯ, ಮುಂದಿನ ವರ್ಷ ನಿನ್ನ ಜಾಗ ಉಳಿಯೋದು ಕಷ್ಟ ಅನ್ನೋದು, ಎಲ್ಲ. ಎಂಥಾ ದೊಡ್ಡ ಮನುಷ್ಯ! ಒಂದು ಎದುರು ಮಾತಿಲ್ಲ, ತಲೆಯಾಡಿಸಿದ್ರು. ಆಮೇಲೆ ತಾವೇ ಎದ್ದು ಬಂದು ನಿನ್ನ ಜಾಗಕ್ಕೆ ಹುಡುಗೀನ ತೋರಿಸಿದ್ರು" ಎಂದರು. ಹೇಳುವಾಗ ಈ ಸಲವೂ ಕಣ್ಣು ಒದ್ದೆಯಾಗಿತ್ತು. ಮೆಣಸಿರಲಿಲ್ಲ.

ಸ್ಕಾಲರ್‌ಶಿಪ್ ಅಂದರೆ ನಾಲ್ಕು ವರ್ಷದ್ದು ಎಂದು ನಾವೆಲ್ಲ ತಿಳಿದಿದ್ದೆವು. ಅದು ಒಂದೊಂದೇ ವರ್ಷದ್ದು ಅಪ್ಪಾ. ಪ್ರತಿ ಬೇಸಿಗೆಯಲ್ಲಿ ಅವರು ಮನಸ್ಸು ಮಾಡಿದರೆ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ. ಹಾಗೆ ಕಾಗದದಲ್ಲೇ ಇತ್ತು, ನಾವು ಓದಿದ್ದು ಮೇಲಿನ ಸಾಲು ಮಾತ್ರ. ಗೋಲ್‌ಕೀಪರಿಗೆ ಎಂದು ಅವರ ಹತ್ತಿರ ಇರುವುದು ಒಂದೇ ಸ್ಕಾಲರ್‌ಶಿಪ್. ಅದು ಇಲ್ಲದೆ ನಾನು ಇಲ್ಲಿ ಒಂದು ತಿಂಗಳೂ ಓದಲಾರೆ. ಬೇರೆ ಒಳ್ಳೆಯ ಗೋಲ್‌ಕೀಪರ್ ಸಿಗದಿದ್ದರೆ ನನ್ನ ಮಂಡಿಗೆ ಇನ್ನೊಂದು ವರ್ಷ ಕಾಯುತ್ತಿದ್ದೆ ಎಂದು ಅವರೇ ಹೇಳಿದರು. ನೀವು ಸಿಗುವಂತೆ ಮಾಡಿದಿರಿ.

ಗೋಲಲ್ಲಿ ನಿಲ್ಲುವುದು ಒಬ್ಬರೇ ಎಂದು ನನಗೆ ನಡೆಯಲು ಬರುವ ಮುಂಚೆಯೇ ಹೇಳಿಕೊಟ್ಟವರು ನೀವು. ಅವತ್ತೊಂದು ದಿನ ಅದು ಹೇಗೆ ಮರೆತಿರಿ?

ಇನ್ನೂ ಇದೆ. ಇಲ್ಲೊಂದು ಪದ್ಧತಿ. ಸೇರುವ ಮುಂಚೆ ಕಾಲೇಜು ನೋಡಲು ಬರುವ ಹುಡುಗಿಯನ್ನು ತಂಡದವರೊಬ್ಬರು ತಮ್ಮ ಕೋಣೆಯಲ್ಲಿ ಇಟ್ಟುಕೊಂಡು ಸತ್ಕಾರ ಮಾಡಬೇಕು. ಜನವರಿಯಲ್ಲಿ ಲಿಜೆಟ್ ಬರುತ್ತಾಳೆ. ಒಂದೇ ಊರಿನವರು, ಚೆನ್ನಾಗಿರುತ್ತದೆ ಎಂದು ಅವಳನ್ನು ನನಗೇ ಒಪ್ಪಿಸಿದ್ದಾರೆ.

ಇಡಾಲಿನಾ


ಫಾಲ್ ರಿವರ್
೨೮ ಡಿಸೆಂಬರ್ ೧೯೯೭

ದೇವರು ನಿನ್ನನ್ನು ಹರಸಲಿ, ಮಗಳೇ. ನೀನು ಆಶೀರ್ವಾದ ಕೇಳಲಿಲ್ಲ. ಕೇಳದಿದ್ದರೂ ಕೊಡುತ್ತೇನೆ, ಅದನ್ನು ನನ್ನ ಹತ್ತಿರ ಇಟ್ಟುಕೊಂಡು ಏನು ಮಾಡಲಿ?

ಕ್ರಿಸ್‌ಮಸ್ಸಿಗೆ ನೀನು ಬರಲಿಲ್ಲ. ಮಂಡಿಗೆ ವ್ಯಾಯಾಮ ಮಾಡಿಸುತ್ತಾರೆ ಎಂದು ಅಮ್ಮನಿಗೆ ಹೇಳಿದೆಯಂತೆ. ನಂಬಿದೆವು ಎಂದು ಬರೆಯುವುದಿಲ್ಲ.

ನಿನ್ನ ಕಾಗದ ಓದಿ ಹೇಳಿದಾಗ ನಿಮ್ಮಮ್ಮ ಸೌಟು ಕೆಳಗಿಟ್ಟಳು. "ಕೇಳಿಸ್ಲಿಲ್ಲ ಅನ್ನೋಕೆ ಏನ್ರೀ ಕಷ್ಟ ನಿಮಗೆ? 'ಏನಂದ್ರಿ, ಇನ್ನೊಂದ್ಸಲ ಹೇಳಿ' ಅನ್ನೋಕೆ ಬಾಯಿ ಸವೆಯುತ್ತಾ? ಮೂವತ್ತು ವರ್ಷ ತಲೆ ಆಡಿಸಿ ಆಡಿಸಿ ಮಗಳ ಕುತ್ತಿಗೆಗೇ ತಂದ್ರಲ್ಲ!" ಎಂದಳು. ಇದು ಪೂರ್ತಿ ಕೇಳಿಸಿತು. ಆಮೇಲೆ ನನ್ನ ಜೊತೆ ಮಾತಿಲ್ಲ. ಕಿವುಡನ ಜೊತೆ ಮಾತು ಬಿಟ್ಟರೆ ಅವನಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀಯಾ? ಗೊತ್ತಾಗುತ್ತದೆ.

ಅವಳಿಗೆ ಹೇಗೆ ತಿಳಿಸಲಿ. ಕೇಳಿಸುವುದಿಲ್ಲ ಎಂದವನನ್ನು ಗಿರಣಿಯಲ್ಲಿ ಮರುದಿನ ಇಟ್ಟುಕೊಳ್ಳುತ್ತಿರಲಿಲ್ಲ. ನಾವೆಲ್ಲ ತಲೆಯಾಡಿಸುತ್ತಿದ್ದೆವು. ಅದು ಒಪ್ಪಿಗೆ ಅಲ್ಲ, ನಾನು ಇನ್ನೂ ಕೆಲಸಕ್ಕೆ ಬರುತ್ತೇನೆ ಎಂದು ಹೇಳುವ ರೀತಿ.

ನನ್ನನ್ನು ಕರೆಸಿಕೊಂಡ ದೊಡ್ಡಪ್ಪನ ಮಗನ ಬಗ್ಗೆ ಹೇಳಿದ್ದೆನಲ್ಲ. ಅವನಿಗೆ ಆಗಲೇ ಕೆಮ್ಮು ಹಿಡಿದಿತ್ತು. "ಇಂಥವರು ನಿಮ್ಮೂರಲ್ಲಿ ಇನ್ನೂ ಇದಾರೇನೋ?" ಎಂದು ಮೇಸ್ತ್ರಿ ಕೇಳಿದನಂತೆ. ನಾನು ಮಗ್ಗ ಕಲಿತ ವಾರವೇ ಅವನನ್ನು ಕಳಿಸಿಬಿಟ್ಟರು. ಇಷ್ಟು ವರ್ಷ ಅವೆರಡೂ ಬೇರೆ ಬೇರೆ ಸಂಗತಿ ಎಂದೇ ತಿಳಿದಿದ್ದೆ.

ಮಾತು ಹಿಂದೆ ತೆಗೆದುಕೊಳ್ಳೋಣ ಎಂದು ಪಶೇಕುವಿನ ಮನೆಗೆ ಹೋದೆ. ಲಿಜೆಟ್‌ಳ ಅಮ್ಮ ಮಗಳ ಹಾಸ್ಟೆಲ್ ಕೋಣೆಗೆ ಈಗಲೇ ಪರದೆ ಹೊಲಿಯುತ್ತಿದ್ದಾಳೆ, ಕಿಟಕಿ ಎಷ್ಟು ಅಗಲ ಎಂದು ನಿನ್ನನ್ನು ಕೇಳಿ ತಿಳಿಸಬೇಕಂತೆ. ವೈನ್ ಕೊಟ್ಟರು, ಕುಡಿದು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತಪ್ಪು ನನ್ನದು ಮಗಳೇ, ಆ ಹುಡುಗಿಯದಲ್ಲ. ಬಂದಾಗ ಚೆನ್ನಾಗಿ ನೋಡಿಕೋ. ಇದೊಂದೇ ಕೇಳುತ್ತೇನೆ.

ನಿನ್ನ ಅಪ್ಪ
ಎವರಿಸ್ತು


ಇಂಡಿಯಾನಾ
೨೦ ಜನವರಿ ೧೯೯೮

ಅಪ್ಪಾ,

ಲಿಜೆಟ್ ಬಂದು ಹೋದಳು. ಚೆನ್ನಾಗಿ ನೋಡಿಕೊಂಡೆ. ಅದನ್ನು ಮೊದಲು ಬರೆಯುತ್ತೇನೆ, ಯಾಕೆಂದರೆ ಅದೂ ನಿಜ.

ಅವಳು ಬ್ಯಾಗಿನ ತುಂಬ ತಿಂಡಿ ತಂದಿದ್ದಳು. ಅವಳಮ್ಮ ಮಾಡಿದ ಸಿಹಿ ಬ್ರೆಡ್ಡು, ನಮ್ಮಮ್ಮ ಕೊಟ್ಟ ಶೊರೀಸು. ಕೋಣೆಯೆಲ್ಲ ನಮ್ಮ ಬೀದಿಯ ವಾಸನೆ. ನನ್ನ ಮಂಚ ಅವಳಿಗೆ ಕೊಟ್ಟು ನಾನು ಕೆಳಗೆ ಹಾಸಿಕೊಂಡೆ. "ಅಕ್ಕಾ, ನಿನ್ನ ಕಾಲು ನೋವು, ನೀನು ಮೇಲೆ ಮಲಗು" ಎಂದು ಗೋಗರೆದಳು. ಮಂಡಿಯ ಹೊಲಿಗೆ ಮುಟ್ಟಿ ನೋಡಿ ಅವಳಿಗೇ ಅಳು ಬಂತು. "ಮುಂದಿನ ವರ್ಷ ನಿನ್ನ ಕಾಲು ಸರಿಹೋಗುತ್ತೆ. ಆಗ ನೀನು ಆಡು, ನಾನು ನಿನ್ನ ಹಿಂದೆ ಚೆಂಡು ಹೆಕ್ತೀನಿ, ಚಿಕ್ಕವಳಿದ್ದಾಗಿನ ಹಾಗೆ" ಎಂದಳು. ನಿಮ್ಮ ಹಾಗೇ ಅವಳೂ ಇಬ್ಬರಿಗೂ ಜಾಗ ಇದೆ ಎಂದುಕೊಂಡಿದ್ದಾಳೆ ಅಪ್ಪಾ. ಇಲ್ಲ ಎಂದು ಹೇಳಲು ಬಾಯಿ ತೆರೆದೆ. "ಅಕ್ಕಾ, ಕಿಟಕಿ ಅಳತೆ ತಗೋಬೇಕು, ಅಮ್ಮ ಹೇಳಿದಾಳೆ" ಎಂದು ಅವಳು ಗೇಣಿನಲ್ಲಿ ಅಳೆಯಲು ಹೋದಳು.

ಕೋಚ್ ಅವಳಿಗೂ ಅದನ್ನೇ ಹೇಳಿದರು. ಇಡೀ ದೇಶದಲ್ಲಿ ನೀನೊಬ್ಬಳೇ. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಕೆಂಪಾಗಿ ನನ್ನ ಕೈ ಹಿಡಿದುಕೊಂಡಳು. ಆಗ ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಬರೆಯಲು ನಾಚಿಕೆಯಾಗುತ್ತದೆ. ಅವರ ಮೇಲೆ ಬರಬೇಕಾಗಿತ್ತು. ಅವಳ ಮೇಲೆ ಬಂತು.

ಅವಳನ್ನು ವಿಮಾನಕ್ಕೆ ಬಿಟ್ಟ ಮೇಲೆ ಕೋಚ್ ನನ್ನನ್ನು ತಿಂಡಿಗೆ ಕರೆದುಕೊಂಡು ಹೋದರು. ಇದೂ ಪದ್ಧತಿ. ಇಟ್ಟುಕೊಂಡವಳನ್ನು ಕೇಳುತ್ತಾರೆ, ಹೇಗಿದ್ದಾಳೆ, ಕುಡಿಯುತ್ತಾಳಾ, ಗಲಾಟೆಯವಳಾ ಎಂದು. ಆ ಒಂದು ಮಾತಿನ ಮೇಲೆ ಹುಡುಗಿಯರನ್ನು ಬಿಟ್ಟದ್ದೂ ಇದೆ. "ನಿಮ್ಮೂರಿನವಳು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ನಾನು ತಿಳ್ಕೋಬೇಕಾದ್ದು ಏನಾದ್ರೂ ಇದೆಯಾ?" ಎಂದರು.

ಒಳ್ಳೆಯ ಹುಡುಗಿ ಎಂದೆ. ನಿಯತ್ತಿನವಳು ಎಂದೆ. ಅವರು ಬಿಲ್ಲು ಕೊಟ್ಟು ಏಳುತ್ತಿದ್ದರು. ಆಗ, "ಅವಳ ಎಡಭುಜ ಒಂದ್ಸಲ ಡಾಕ್ಟರಿಗೆ ತೋರಿಸಿ" ಎಂದೆ.

ಅವರು ಮತ್ತೆ ಕೂತರು.

ಎಲ್ಲ ಹೇಳಿಬಿಟ್ಟೆ. ನೀವು ಎಳೆದು ಕೂರಿಸುವುದು, ಅವಳ ಅಪ್ಪನಿಗೂ ತಿಳಿಯದ್ದು, ಎಲ್ಲ. ಯಾರೂ ನನ್ನ ಕೈ ತಿರುಚಲಿಲ್ಲ. ತಂಡದ ಒಳಿತಿಗೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳಲೂ ಇಲ್ಲ. ನನ್ನ ಜಾಗ ಉಳಿಯಲಿ ಎಂದು ಹೇಳಿದೆ. ಕೋಚ್ ನನ್ನ ಭುಜ ತಟ್ಟಿದರು, ಅವತ್ತು ನಿಮ್ಮ ಭುಜ ತಟ್ಟಿದ ಹಾಗೆಯೇ ಇರಬೇಕು.

ನೀವು ಬೈದು ಬರೆಯಿರಿ. ಕಾಯುತ್ತೇನೆ.

ಇಡಾಲಿನಾ


ಫಾಲ್ ರಿವರ್
೮ ಫೆಬ್ರವರಿ ೧೯೯೮

ದೇವರು ನಿನ್ನನ್ನು ಹರಸಲಿ.

ನಿನ್ನ ಕಾಗದ ಒಲೆಗೆ ಹಾಕಿದೆ. ನಿಮ್ಮಮ್ಮನಿಗೆ ಓದಿ ಹೇಳಲಿಲ್ಲ.

ಬುಧವಾರ ಕಾಲೇಜಿನ ಒಪ್ಪಂದಕ್ಕೆ ಲಿಜೆಟ್ ಸಹಿ ಹಾಕುವ ದಿನವಾಗಿತ್ತು. ಪಶೇಕು ಕಾರ್ಖಾನೆಗೆ ರಜೆ ಹಾಕಿದ್ದ. ಲಿಜೆಟ್‌ಳ ಶಾಲೆಯಲ್ಲಿ ಮೇಜು ಹಾಕಿ, ಬಟ್ಟೆ ಹೊದಿಸಿ, ಫೋಟೋ ತೆಗೆಯುವವರನ್ನು ಕರೆದು, ಕೇಕಿಗೆ ಹೇಳಿ ಆಗಿತ್ತು. ಸೋಮವಾರ ನಿಮ್ಮ ಕೋಚ್ ಫೋನ್ ಮಾಡಿ, ಭುಜದ ವಿಷಯ ತಿಳಿಯಿತು, ಈ ವರ್ಷ ಆಗುವುದಿಲ್ಲ, ಒಳ್ಳೆಯದಾಗಲಿ ಎಂದು ಇಟ್ಟರಂತೆ. ಅವಳನ್ನು ಕೇಳಿದ್ದ ಬೇರೆ ಎರಡು ಕಾಲೇಜಿನವರಿಗೆ, ನನಗೆ ಜಾಗ ಸಿಕ್ಕಿದೆ ಎಂದು ಅವಳು ಆಗಲೇ ಬರೆದಾಗಿತ್ತು. ಅವರೂ ಬೇರೆಯವರನ್ನು ಹುಡುಕಿಕೊಂಡಿದ್ದಾರೆ. ಕೇಕು ಮಾತ್ರ ಬಂತು.

ಸಂಜೆ ಪಶೇಕು ಬಂದ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಲಿಲ್ಲ. ತುಟಿ ಕಾಣುವಂತೆ ನನ್ನೆದುರು ನಿಂತು, ನಿಧಾನವಾಗಿ ಕೇಳಿದ. ನನಗಾಗಿ ಯಾವಾಗಲೂ ಹಾಗೇ ಮಾತಾಡುವವನು ಅವನು.

"ಎವರಿಸ್ತು, ಭುಜದ ವಿಷಯ ನಿನಗೊಬ್ಬನಿಗೇ ಗೊತ್ತಿತ್ತಂತೆ. ಹೆತ್ತಪ್ಪ ನನಗೆ ಗೊತ್ತಿರ್ಲಿಲ್ಲ. ನೀನೇ ಹೇಳಿದ್ಯಾ?"

ತಲೆಯಾಡಿಸಿದೆ.

ಈ ಸಲ ಕೇಳಿಸಿಯೇ ಆಡಿಸಿದೆ ಮಗಳೇ.

"ಬೇಲಿನೇ ಎದ್ದು ಹೊಲ ಮೇಯ್ತಲ್ಲೋ" ಎಂದ. "ನಿನ್ನ ಮಗಳಿಗೆ ಜಾಗ ಉಳಿಸೋಕೆ ನನ್ನ ಮಗಳ ಕಾಲೆಳೆದ್ಯಾ? ಮೊದಲೇ ಬೇಡ ಅಂದಿದ್ರೆ ನಾನು ಕೇಳ್ತಿದ್ನಾ?" ಹೊಸ್ತಿಲ ಮೇಲೆ ಉಗಿದು ಹೋದ. ನಿಮ್ಮಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ತಲೆಯಾಟದ ನಮೂನೆಯೆಲ್ಲ ಗೊತ್ತು. ಹೊಸ್ತಿಲು ಒರೆಸಿದಳು.

ಗಿರಣಿ ಗೋಡೆಯ ಹತ್ತಿರ ಈಗ ಯಾರೂ ಮಕ್ಕಳನ್ನು ಕಳಿಸುವುದಿಲ್ಲ. ಹೋಗಿ ಒಬ್ಬನೇ ಗೋಡೆಗೆ ಒದ್ದು ಬರುತ್ತೇನೆ. ಚೆಂಡು ಹಿಡಿಯುವವರಿಲ್ಲ, ರಸ್ತೆಗೆ ಹೋಗುತ್ತದೆ, ತರಲು ಓಡುತ್ತೇನೆ.

ನೀನು ಯಾರಿಗೂ ಏನೂ ಬರೆಯಬೇಡ. ಅಪ್ಪನ ಮಾತು ಅಂತ ಇದೊಂದನ್ನು ನಡೆಸು.

ನಿನ್ನ ಅಪ್ಪ
ಎವರಿಸ್ತು


ಫಾಲ್ ರಿವರ್
೨೬ ಏಪ್ರಿಲ್ ೧೯೯೮

ಪ್ರೀತಿಯ ಇಡಾಲಿನಾ ಅಕ್ಕಾ,

ಬರೆಯಲೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ. ನಮ್ಮ ಮನೆಯವರು ನಿಮ್ಮ ಮನೆಯವರ ಹೆಸರೆತ್ತುವುದಿಲ್ಲ. ಆದರೆ ನೀನು ಏನು ಮಾಡಿದ್ದೀಯಾ? ನಿನ್ನ ಮಂಚ ನನಗೆ ಕೊಟ್ಟು, ಆ ಕಾಲಿಟ್ಟುಕೊಂಡು ನೆಲದ ಮೇಲೆ ಮಲಗಿದೆ. ನನ್ನ ಸ್ವಂತ ಅಕ್ಕ ಇದ್ದರೂ ಅಷ್ಟು ಮಾಡುತ್ತಿರಲಿಲ್ಲ.

ಎವರಿಸ್ತು ಮಾಮ ಹಾಗೆ ಮಾಡುತ್ತಾರೆ ಎಂದು ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ. ಎದುರು ಸಿಕ್ಕರೆ ಈಗಲೂ ಬಾಯಿಗೆ "ಆಶೀರ್ವಾದ ಮಾಡಿ ಮಾಮ" ಎಂದು ಬರುತ್ತದೆ, ನುಂಗಿಕೊಂಡು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಅವರು ನಿಂತು ನೋಡುತ್ತಾರೆ. ಅಂಥ ಅಪ್ಪನನ್ನು ಇಟ್ಟುಕೊಂಡು ನೀನು ಹೇಗೆ ತಲೆಯೆತ್ತಿ ಓಡಾಡುತ್ತೀಯೋ, ನೆನೆದರೆ ನನಗೆ ನಿನ್ನ ಮೇಲೇ ಕನಿಕರ.

ನಿಮ್ಮ ಕೋಚ್ ಸ್ವೀಡನ್‌ನಿಂದ ಯಾರನ್ನೋ ಕರೆಸಿಕೊಳ್ಳುತ್ತಾರಂತೆ, ನಿನಗೂ ಮುಂದಿನ ವರ್ಷ ಜಾಗ ಇಲ್ಲವಂತೆ. ನಿಮ್ಮಮ್ಮ ಕಾರ್ಖಾನೆಯಲ್ಲಿ ಅತ್ತರು ಎಂದು ಅಮ್ಮ ಹೇಳಿದಳು. ಶಾಲೆ ಮುಗಿಯುವ ತನಕ ಶನಿವಾರ ಶನಿವಾರ ನಾನೂ ಅಲ್ಲಿಗೇ ಹೋಗುತ್ತೇನೆ, ಜೂನಿನಿಂದ ದಿನವೂ. ಕೂತು ಮಾಡುವ ಕೆಲಸ, ಭುಜಕ್ಕೆ ತೊಂದರೆಯಿಲ್ಲ. ಮೇಸ್ತ್ರಿ ಮೊನ್ನೆ ನನ್ನ ಹೊಲಿಗೆ ನೋಡಿ, "ನಿನ್ನಂಥೋರು ಇನ್ನೊಬ್ರು ಇದಾರೇನೇ?" ಎಂದ.

ನನ್ನ ಪಕ್ಕದ ಯಂತ್ರ ಖಾಲಿಯಿದೆ ಅಕ್ಕಾ. ನಿನ್ನ ಹೆಸರು ಹೇಳಿದ್ದೇನೆ. ಅವಳಿಗೆ ನಾನು ಜವಾಬ್ದಾರಿ ಎಂದಿದ್ದೇನೆ.

ನಿನ್ನ ತಂಗಿ
ಲಿಜೆಟ್


ಇಂಡಿಯಾನಾ
೧೦ ಮೇ ೧೯೯೮

ಅಪ್ಪಾ, ಆಶೀರ್ವಾದ ಮಾಡಿ.

ಇಷ್ಟು ತಿಂಗಳು ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಕೋಚ್ ಕೋಣೆಯ ಹಲಗೆಯಿಂದ ನನ್ನ ಬಿಲ್ಲೆ ತೆಗೆದಿದ್ದಾರೆ. ಕೈಕುಲುಕಿ, ನಿಮ್ಮಪ್ಪನಿಗೆ ನಮಸ್ಕಾರ ತಿಳಿಸು, ಅವರ ಸೂಪು ಮರೆಯಲಾರೆ ಎಂದರು. ತಿಳಿಸಿದ್ದೇನೆ.

ಪರೀಕ್ಷೆ ಮುಗಿಸಿ ಶುಕ್ರವಾರದ ಬಸ್ಸಿಗೆ ಹೊರಡುತ್ತೇನೆ. ಜೀವಶಾಸ್ತ್ರದ ಪುಸ್ತಕ ಮಾರಿಲ್ಲ, ತರುತ್ತಿದ್ದೇನೆ. ಯಾಕೆ ಎಂದು ಅಮ್ಮ ಕೇಳಿದರೆ ಸುಮ್ಮನೆ ಎನ್ನಿ.

ಲಿಜೆಟ್ ಕಾಗದ ಬರೆದಿದ್ದಾಳೆ. ತನ್ನ ಪಕ್ಕದ ಯಂತ್ರ ನನಗೆ ಕೊಡಿಸಿದ್ದಾಳೆ, ನನಗೆ ತಾನು ಹೊಣೆ ಎಂದಿದ್ದಾಳೆ. ನಿಮ್ಮಂಥ ಅಪ್ಪ ಯಾರ ಹಣೆಯಲ್ಲೂ ಬೇಡ ಎನ್ನುವ ಹಾಗೆ ನಿಮ್ಮ ಬಗ್ಗೆ ಬರೆದಿದ್ದಾಳೆ. ಅದನ್ನು ಓದಿ ನನಗೆ ಎಷ್ಟು ನೋವಾಯಿತೋ ಅಷ್ಟೇ ನಿರಾಳವೂ ಆಯಿತು ಅಪ್ಪಾ, ನನ್ನ ಹೆಸರು ಬರಲಿಲ್ಲವಲ್ಲ ಎಂದು. ನಾನು ಅಂಥವಳಾಗಿದ್ದೇನೆ. ಯಂತ್ರ ನನಗಿರಲಿ ಎಂದು ಅವಳಿಗೆ ಉತ್ತರ ಬರೆದೆ. ಮಿಕ್ಕದ್ದನ್ನೂ ಬರೆದಿದ್ದೆ, ಹರಿದು ಹಾಕಿದೆ.

ಯಾರಿಗೂ ಬರೆಯಬೇಡ ಎಂದಿರಿ. ಬರೆಯುವುದಿಲ್ಲ. ಬಾಯಲ್ಲಿ ಹೇಳುತ್ತೇನೆ, ಬೇಡ ಎನ್ನಬೇಡಿ. ಮೊದಲ ದಿನವೇ, ಯಂತ್ರಗಳು ಶುರುವಾಗುವ ಮುಂಚೆಯೇ ಹೇಳಬೇಕು. ಶುರುವಾದ ಮೇಲೆ ಹೇಳಿದರೆ ಆ ಸದ್ದಿನಲ್ಲಿ ಅವಳಿಗೆ ಕೇಳಿಸುವುದಿಲ್ಲ. ಕೇಳಿಸದೆ, ನನ್ನ ಮುಖ ನೋಡಿ ನಗುತ್ತ ತಲೆಯಾಡಿಸಿಬಿಡುತ್ತಾಳೆ. ನಾನು ಅದನ್ನೇ ಕ್ಷಮೆ ಎಂದುಕೊಂಡು ಬದುಕೆಲ್ಲ ಅವಳ ಪಕ್ಕದಲ್ಲಿ ಕೂತು ಹೊಲಿಯುತ್ತೇನೆ.

ನಿಮ್ಮ ಮಗಳು
ಇಡಾಲಿನಾ